ಒಂದಡಿಗೆ ಒಂದಿಂಚಿನ ಅಂಗಡಿಗಳು

ಮೂವತ್ತೊಂದು ವರ್ಷ ಅಂಗಡಿ ಕಟ್ಟಿದೆ. ಒಂದರಲ್ಲೂ ಒಂದು ಬೆಂಕಿಪೊಟ್ಟಣ ಮಾರಲಿಲ್ಲ. ನಾನು ಕಟ್ಟಿದ ಅತಿ ದೊಡ್ಡ ಅಂಗಡಿಯನ್ನೂ ಎರಡು ಕೈಯಲ್ಲಿ ಎತ್ತಿಕೊಂಡು ಹೋಗಬಹುದಿತ್ತು. ಮದುವೆ ಮನೆಯಲ್ಲಿ ಯಾರಾದರೂ "ಏನ್ ಕೆಲ್ಸ ಮಾಡ್ತೀರಿ?" ಅಂತ ಕೇಳಿದಾಗ "ಮಾದರಿ ಮಾಡ್ತೀನಿ" ಅಂದರೆ ಅರ್ಥವಾಗುತ್ತಿರಲಿಲ್ಲ. "ಬೊಂಬೆ ಮಾಡ್ತೀನಿ" ಅಂದರೆ ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಿದ್ದರು. ಕೊನೆಕೊನೆಗೆ "ಮರಗೆಲಸ" ಅಂತ ಹೇಳಿ ಊಟಕ್ಕೆ ಎದ್ದುಬಿಡುತ್ತಿದ್ದೆ.

ಚಿತ್ರದುರ್ಗದಲ್ಲಿ ನಮ್ಮದೊಂದು ಕಾರ್ಯಾಗಾರ. ವಸ್ತುಪ್ರದರ್ಶನಗಳಿಗೆ, ಶಾಲೆಗಳಿಗೆ, ಮ್ಯೂಸಿಯಮ್ಮುಗಳಿಗೆ ಹಳೇ ಪೇಟೆ ಬೀದಿಯ ಅಂಗಡಿಗಳನ್ನು ಚಿಕ್ಕದಾಗಿ ಮಾಡಿಕೊಡೋದು ನಮ್ಮ ಕೆಲಸ. ಅಂಗಡಿಯ ಮುಖ, ಮುಂದಿನ ಕಟ್ಟೆ, ಒಳಗೆ ಕಣ್ಣು ಹೋಗುವಷ್ಟು ಆಳ, ಅಷ್ಟೇ. ನಿಜವಾದ ಅಂಗಡಿಯ ಒಂದಡಿ ನಮ್ಮಲ್ಲಿ ಒಂದಿಂಚು. ಏಳಡಿ ಬಾಗಿಲು ಏಳಿಂಚು. ಲೆಕ್ಕ ಸುಲಭ. ಕಷ್ಟ ಇರೋದೆಲ್ಲ ಲೆಕ್ಕ ಮುಗಿದ ಮೇಲೆ.

ಈಗ ಈ ಕೆಲಸಕ್ಕೆ ಓದಿದ ಹುಡುಗಿಯರು, ಹುಡುಗರು ಬರುತ್ತಿದ್ದಾರೆ. ಕಂಪ್ಯೂಟರಲ್ಲಿ ಗೆರೆ ಎಳೆದರೆ ಲೇಸರ್ ಮಷೀನು ಕಿಟಕಿ ಸರಳನ್ನು ಕೂದಲೆಳೆಯಷ್ಟು ನಯವಾಗಿ ಕತ್ತರಿಸಿ ಕೊಡುತ್ತದೆ. ನಾವು ಹಗುರ ಜಾಜಿಕಾಯಿ ಮರದ ಪೆಟ್ಟಿಗೆ ಒಡೆದು, ಬ್ಲೇಡಿನಲ್ಲಿ ಸೀಳಿ, ಉಪ್ಪುಕಾಗದದಲ್ಲಿ ಉಜ್ಜಿ, ಎಂಟು ಸರಳು ಮಾಡುವಷ್ಟರಲ್ಲಿ ನಾಲ್ಕು ಮುರಿದು ಸಂಜೆಯಾಗುತ್ತಿತ್ತು. ಮಷೀನು ಕೆಟ್ಟದ್ದು ಅನ್ನುವ ಮುದುಕ ನಾನಲ್ಲ. ನನಗೆ ಆಗಲೇ ಸಿಕ್ಕಿದ್ದರೆ ಎರಡೂ ಕೈಯಲ್ಲಿ ಬಾಚಿಕೊಳ್ಳುತ್ತಿದ್ದೆ. ಆದರೆ ಮಷೀನು ಹೇಳಿಕೊಡದ ಕೆಲವು ಸಂಗತಿ ಇವೆ. ಅವನ್ನು ಬರೆದಿಡೋಣ ಅಂತ ಕೂತಿದ್ದೇನೆ. ಬಡ್ತಿ, ಸಂಬಳ, ಹಾರ ತುರಾಯಿಯ ಕತೆ ಬೇಡ. ಅವುಗಳಿಂದ ಯಾರಿಗೂ ಏನೂ ಕಲಿಯೋದಕ್ಕೆ ಆಗಲ್ಲ.

ನನಗೆ ಕೆಲಸ ಕಲಿಸಿದವರು ಹಾಲಪ್ಪ ಮೇಸ್ತ್ರಿ. ಸಣ್ಣಗೆ ಕಡ್ಡಿ ಹಂಗಿದ್ದರು, ಬಾಯಿ ಮಾತ್ರ ಕೋಟೆ ಬಾಗಿಲಿನಷ್ಟು ದೊಡ್ಡದು. ನಾನು ಸೇರಿ ಎರಡು ತಿಂಗಳಿಗೆ ಒಂದು ಬಟ್ಟೆ ಅಂಗಡಿ ಮಾಡಿ ಮುಗಿಸಿ, ಮೀಸೆ ತಿರುವುತ್ತಾ ಅವರ ಮುಂದಿಟ್ಟೆ. ಗೋಡೆ ಬೆಳ್ಳಗೆ, ಮೆಟ್ಟಿಲು ಚೊಕ್ಕ, ಕಂಬ ಮಿಣಮಿಣ. ಅವರು ಬೀಡಿ ಕಿವಿಗೆ ಸಿಕ್ಕಿಸಿಕೊಂಡು ಬಗ್ಗಿ ನೋಡಿದರು.

"ಲೇ ತಿಪ್ಪೇಸ್ವಾಮಿ, ಈ ಅಂಗಡಿಗೆ ಯಾವತ್ತಾದ್ರೂ ಒಬ್ಬ ಗಿರಾಕಿ ಬಂದವ್ನೇನಲೇ?"

ನನಗೆ ತಲೆಬುಡ ಅರ್ಥವಾಗಲಿಲ್ಲ.

"ಮೆಟ್ಲು ಸವೆದಿಲ್ಲ. ಕಂಬಕ್ಕೆ ಕೈಜಿಡ್ಡು ಇಲ್ಲ. ನಿಂತ್ಕಂಡು ರೇಟು ಕೇಳೋರು ಕಂಬ ಹಿಡ್ಕಂತಾರೆ ಕಣಲೇ, ಗೊತ್ತಿಲ್ವಾ? ಇದು ಅಂಗಡಿ ಅಲ್ಲ, ಪೆಟ್ಟಿಗೆ. ತಗಂಡೋಗು."

ಸಿಟ್ಟು ನೆತ್ತಿಗೇರಿತು. ಆದರೂ ಮಾರನೇ ದಿನ ಅವರ ಜೊತೆ ಹಿರಿಯೂರು ಬಸ್ಸು ಹತ್ತಿದೆ. ಪೇಟೆಯಲ್ಲಿ ಒಂದು ಅಂಗಡಿಯ ಎದುರು ಮೂರು ದಿನ ಕೂರಿಸಿದರು. ಅಳತೆ ತಗೊಳ್ಳಬೇಡ, ಬರೀ ನೋಡು ಅಂದರು. ಮೊದಲ ದಿನ ಬೇಜಾರು. ಎರಡನೇ ದಿನ ನಿದ್ದೆ. ಮೂರನೇ ದಿನ ಮಧ್ಯಾಹ್ನ, ಪಕ್ಕದ ಆದಿವಾಲ ಹಳ್ಳಿ ಕಡೆಯಿಂದ ಬಂದ ಒಬ್ಬ ಹೆಂಗಸು ಕಂಬಕ್ಕೆ ಕೈ ಕೊಟ್ಟು ನಿಂತು ಬಳೆ ನೋಡುತ್ತಿದ್ದಳು. ಆ ಕಂಬದಲ್ಲಿ ಅಷ್ಟೇ ಎತ್ತರಕ್ಕೆ, ಅಷ್ಟೇ ಅಗಲಕ್ಕೆ ಒಂದು ಕಪ್ಪು ಮಚ್ಚೆ ಇತ್ತು. ಎಷ್ಟು ವರ್ಷದಿಂದ ಎಷ್ಟು ಜನ ಅಲ್ಲೇ ಕೈ ಇಟ್ಟಿದ್ದರೋ! ನೋಡುತ್ತಾ ನೋಡುತ್ತಾ ನನಗೆ ಬೀದಿಯ ಸದ್ದೇ ಕೇಳದ ಹಾಗಾಯಿತು. ಮೇಸ್ತ್ರಿ ಪಕ್ಕದಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದರು. "ಈಗ ಕಾಣ್ತಾ ಐತೆ ನಿನಗೆ, ನಡಿ ಹೋಗಾಣ" ಅಂದರು.

ಅವತ್ತಿನಿಂದ ನನಗೊಂದು ಹುಚ್ಚು ಹಿಡಿಯಿತು. ಈ ಕೆಲಸಕ್ಕೆ ಬಂದವರಿಗೆಲ್ಲ ಹಿಡಿಯುತ್ತೆ, ಹೆದರಬೇಡಿ. ದಿನಕ್ಕೆ ಏಳೆಂಟು ಗಂಟೆ ಸಣ್ಣ ಬಾಗಿಲಿಗೆ ಕಣ್ಣು ಕೊಟ್ಟು ಕೂತವನಿಗೆ ಹೊರಗಿನ ಊರು ನಂಬುವಂತೆ ಇರುವುದಿಲ್ಲ. ಸಂಜೆ ಮನೆಗೆ ನಡೆಯುವಾಗ ಬಸ್ಸು, ಬೆಟ್ಟ, ಮನುಷ್ಯರು ಎಲ್ಲ ವಿಪರೀತ ದೊಡ್ಡದಾಗಿ, ಯಾರೋ ಅಳತೆ ತಪ್ಪಿ ಮಾಡಿಟ್ಟಂತೆ ಕಾಣುತ್ತಿದ್ದವು. ಕನಸಿನಲ್ಲಿ ನಾನೇ ಮಾಡಿದ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದೆ. ಹಿಂದಿನ ಗೋಡೆಗೆ ನಾನು ಬಾಗಿಲು ಇಟ್ಟಿರುತ್ತಿರಲಿಲ್ಲ, ಕನಸಲ್ಲಿ ಇರುತ್ತಿತ್ತು. ಅದನ್ನು ತೆಗೆದರೆ ಇನ್ನೊಂದು ಬೀದಿ, ಬೀದಿ ತುಂಬ ಹಳದಿ ಬಿಸಿಲು, ಜನವೇ ಇಲ್ಲ. ಬೆಳಗ್ಗೆ ಎದ್ದು ಮನೆಯವಳಿಗೆ ಹೇಳಿದರೆ "ಅಲ್ಲೇನಾದ್ರೂ ತರಕಾರಿ ಸಿಗ್ತದಾ ನೋಡಿ, ಇಲ್ಲಿ ಮುಗಿದೈತೆ" ಅನ್ನೋಳು.

ತಪ್ಪು ಮಾಡಿದ್ದು ಕೇಳುತ್ತೀರಾ? ಬೇಕಾದಷ್ಟಿವೆ. ಒಮ್ಮೆ ಒಂದು ದೊಡ್ಡ ಪ್ರದರ್ಶನಕ್ಕೆ ಧಾನ್ಯದ ಅಂಗಡಿ ಮಾಡಿದೆ. ಹೆಬ್ಬೆರಳಿನಷ್ಟು ಚೀಲಗಳು. ಅವುಗಳಿಗೆ ಮಣ್ಣಿನ ಧಾನ್ಯ ಮಾಡಿ ತುಂಬೋ ಬದಲು ನಿಜವಾದ ರಾಗಿ, ನಿಜವಾದ ಸಾಸಿವೆ ಸುರಿದೆ. ಬುದ್ಧಿವಂತಿಕೆ! ನೋಡೋಕೆ ಬಂದ ಸಾಹೇಬರು ಬಗ್ಗಿ, "ಇದೇನ್ರಿ, ಅಂಟುವಾಳಕಾಯಿ ಅಂಗಡಿಯಾ?" ಅಂದರು. ಆ ಚೀಲದ ಪಕ್ಕ ನಿಂತ ಆರಿಂಚಿನ ಮನುಷ್ಯನಿಗೆ ಒಂದು ರಾಗಿಕಾಳು ಅಷ್ಟು ದಪ್ಪ ಆಗುತ್ತೆ ಅನ್ನೋದು ನನ್ನ ತಲೆಗೆ ಹೊಳೆದಿರಲಿಲ್ಲ. ಅಷ್ಟಕ್ಕೇ ಮುಗಿಯಲಿಲ್ಲ. ಮಾರನೇ ಬೆಳಗ್ಗೆ ಬಂದು ನೋಡಿದರೆ ಚೀಲಗಳೆಲ್ಲ ಖಾಲಿ. ಇರುವೆಗಳು ಸಾಲಾಗಿ ಮೆಟ್ಟಿಲಿಳಿದು, ಒಂದೊಂದು ಕಾಳು ಹೊತ್ತು, ಮೇಜಿನ ಕಾಲು ಹಿಡಿದು ಹೋಗುತ್ತಿದ್ದವು. ಹಾಲಪ್ಪ ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕರು. "ಬಿಡಲೇ, ನನ್ನ ಮೂವತ್ತು ವರ್ಷದಲ್ಲಿ ನಮ್ಮಂಗಡೀಲಿ ವ್ಯಾಪಾರ ಆಗಿದ್ದು ಇವತ್ತೇ ಮೊದ್ಲು." ನಾನೂ ನಗಬೇಕಿತ್ತು, ಆದರೆ ಅವತ್ತು ಅಳು ಬಂದಿತ್ತು.

ಆದರೆ ನನ್ನ ದೊಡ್ಡ ತಪ್ಪು ಅದಲ್ಲ. ಅದನ್ನು ನಾನು ಮಾಡಿದ್ದು ಕೆಲಸ ಪೂರ್ತಿ ಕಲಿತ ಮೇಲೆ. ನಿವೃತ್ತಿಯಾಗಿ ಮನೆಯ ಮುಂದಿನ ಕೋಣೆಯಲ್ಲಿ ಉಳಿ, ಬ್ಲೇಡು ಇಟ್ಟುಕೊಂಡು ಕೂತಿದ್ದಾಗ.

ಚಿಕ್ಕಜಾಜೂರಿನಿಂದ ಗೌರಮ್ಮ ಅನ್ನುವ ಹೆಣ್ಣುಮಗಳು ಹುಡುಕಿಕೊಂಡು ಬಂದಳು. ಗಂಡ ರೈಲ್ವೆಯಲ್ಲಿ. ಮನೆ ಹಳಿಯಿಂದ ಕೂಗಳತೆ ದೂರ. ಅವಳ ಅಪ್ಪ ಮರುಳಸಿದ್ದಪ್ಪನವರು ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ಐವತ್ತು ವರ್ಷ ಕಿರಾಣಿ ಅಂಗಡಿ ನಡೆಸಿದವರು. ಈಗ ಮರೆವಿನ ಕಾಯಿಲೆ. ಮಗಳ ಮನೆಯಲ್ಲೇ ಇದ್ದಾರೆ. ಅಂಗಡಿ ಇದ್ದ ಜಾಗದಲ್ಲಿ ಬೇರೆಯವರ ಕಟ್ಟಡ ಎದ್ದಿದೆ.

"ಬೆಳಗಾದ್ರೆ ಅಂಗಡಿ ತೆಗೀಬೇಕು ಅಂತ ಹೊರಡ್ತಾರಣ್ಣ" ಅಂದಳು. "ಹಳಿ ಹಿಡ್ಕಂಡು ಹೋದ್ರೆ ಹೊಸದುರ್ಗ ರೋಡ್ ಸ್ಟೇಷನ್ನು, ಅಲ್ಲಿಂದ ಬಸ್ಸು ಅಂತ ಅದೊಂದು ಮಾತ್ರ ನೆಪ್ಪೈತೆ. ಎರಡು ಸಲ ಗ್ಯಾಂಗ್‌ಮನ್‌ಗಳು ಕರ್ಕಂಡು ಬಂದು ಬಿಟ್ರು. ಹೋದ ತಿಂಗ್ಳು ಗೂಡ್ಸು ಗಾಡಿ ಮಗ್ಗುಲಾಗೇ ಹೋಯ್ತಂತೆ. ಚಿಲ್ಕ ಹಾಕಿದ್ರೆ ಬಾಗ್ಲು ಬಡ್ದು ಬಡ್ದು ಕೈ ರಕ್ತ ಮಾಡ್ಕಂತಾರೆ. ಅಂಗಡಿನೇ ಮನೆಗೆ ಬಂದ್ರೆ ಹೋಗಲ್ಲ ಅಂತ ನನಗನ್ನಿಸ್ತೈತೆ. ಮಾಡ್ಕೊಡ್ರಿ."

ನನಗೆ ಸರಿ ಅನ್ನಿಸಲಿಲ್ಲ. "ಅಷ್ಟು ದೊಡ್ಡೋರಿಗೆ ಬೊಂಬೆ ಕೊಟ್ಟು ಯಾಮಾರಿಸೋದೇನಮ್ಮ?" ಅಂದೆ, ಸ್ವಲ್ಪ ಒರಟಾಗೇ.

ಅವಳು ತಲೆ ತಗ್ಗಿಸಲಿಲ್ಲ. "ಯಾಮಾರಿಸಿದ್ರೆ ಯಾಮಾರ್ಲಿ ಬಿಡ್ರಿ. ಜೀವ ಉಳಿದ್ರೆ ಸಾಕು ನನಗೆ."

ಅಂಗಡಿಯ ಫೋಟೋ ಅಂತ ಇದ್ದದ್ದು ಒಂದೇ. ಅವಳ ಮದುವೆಯದು. ಅದರಲ್ಲಿ ಅಂಗಡಿ ಅರ್ಧ, ಮಿಕ್ಕರ್ಧ ಬೀಗರ ಪೇಟ. ಹಾಗಾಗಿ ನಾನೇ ಚಿಕ್ಕಜಾಜೂರಿಗೆ ಹೋಗಿ ಮರುಳಸಿದ್ದಪ್ಪನವರ ಪಕ್ಕ ಕೂತೆ. ಬೆಳಗ್ಗೆ ತಿಂದ ರೊಟ್ಟಿ ನೆನಪಿಲ್ಲದ ಮನುಷ್ಯ ಅಂಗಡಿ ಅಂದ ಕೂಡಲೇ ಕಣ್ಣು ಮುಚ್ಚಿದರು. ಕೈಗಳು ಗಾಳಿಯಲ್ಲಿ ಎದ್ದವು. "ಇಲ್ಲಿ ಬೆಲ್ಲದ ಅಚ್ಚು. ಬಿಸ್ಲು ಬೀಳ್ಬಾರ್ದು, ಬೆವರ್ತದೆ. ಇಲ್ಲಿ ತಕ್ಕಡಿ. ಇಲ್ಲಿ ಎಣ್ಣೆ ಡಬ್ಬ, ಅದ್ರ ಕೆಳಗೆ ಗೋಣಿತಾಟು. ಬರ್ರಿ, ಒಳಗೆ ಬರ್ರಿ, ತಲೆ ಬಗ್ಸಿ, ತೊಲೆ ತಾಗ್ತದೆ." ನಾನು ತಲೆ ಬಗ್ಗಿಸಿದೆ! ಆ ಬರಿ ಪಡಸಾಲೆಯಲ್ಲಿ ಇಲ್ಲದ ತೊಲೆಗೆ ತಲೆ ಬಗ್ಗಿಸಿ, ಅವರ ಹಿಂದೆ ಒಳಗೆ ಹೋದೆ. ಒಣಮೆಣಸಿನಕಾಯಿ ಘಾಟು ಬಂದಂತಾಯಿತು. ಅವರ ಕೈ ತೋರಿಸಿದ ಕಡೆಯೆಲ್ಲ ನನಗೆ ಕಂಡಿತು, ದೇವರಾಣೆ. ಹೊರಗೆ ರೈಲು ಕೂಗಿದಾಗ ಇಬ್ಬರೂ ಬೆಚ್ಚಿಬಿದ್ದೆವು.

ನಾಲ್ಕು ತಿಂಗಳು ಹಿಡಿಯಿತು. ಹೆಂಚನ್ನು ರಟ್ಟಿನಲ್ಲಿ ಒತ್ತಿ ಒತ್ತಿ ಮುನ್ನೂರ ಚಿಲ್ಲರೆ ಮಾಡಿದೆ. ಗೋಡೆಗೆ ನಿಜವಾದ ಸುಣ್ಣ, ಅದರ ಮೇಲೆ ಹೊಗೆ. ಹತ್ತಿರ ಹತ್ತಿರ ಒಂದು ತಿಂಗಳು ಬರೀ ಮೆಟ್ಟಿಲು ಸವೆಸಿದೆ. ಕಂಬಕ್ಕೆ ಕೈಜಿಡ್ಡಿನ ಮಚ್ಚೆ ಹಾಕಿದೆ, ಹಾಲಪ್ಪ ಮೇಸ್ತ್ರಿಗಳನ್ನು ನೆನೆಸಿಕೊಂಡು. ಕಟ್ಟೆಯ ಮೇಲೆ ಉಪ್ಪಿನ ಮೂಟೆ, ತೆಂಗಿನಕಾಯಿ ರಾಶಿ, ಪೊರಕೆ ಕಟ್ಟು, ಮೇಲಿಂದ ಇಳಿಬಿಟ್ಟ ಬಾಳೆಗೊನೆ. ಸಾಗಿಸುವಾಗ ಅಲುಗದಂತೆ ಎಲ್ಲವನ್ನೂ ಅಂಟು ಹಾಕಿ ಭದ್ರ ಮಾಡಿದೆ. ನನ್ನ ಜೀವಮಾನದಲ್ಲಿ ಅಂಥದ್ದೊಂದು ಮಾಡಿರಲಿಲ್ಲ. ಹೆಮ್ಮೆ ಅನ್ನಲೇನು? ಹೆಮ್ಮೆಯೇ.

ಬಾಡಿಗೆ ಕಾರಿನಲ್ಲಿ, ತೊಡೆಯ ಮೇಲಿಟ್ಟುಕೊಂಡು ಹೋದೆ. ಹೊಳಲ್ಕೆರೆ ದಾಟುವವರೆಗೂ ರಸ್ತೆಯ ಗುಂಡಿ ಬಂದಾಗಲೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಪಡಸಾಲೆಯಲ್ಲಿ ಮೇಜಿನ ಮೇಲಿಟ್ಟಾಗ ಮರುಳಸಿದ್ದಪ್ಪನವರು ನೋಡಿ ನೋಡಿ, ಮೆಲ್ಲಗೆ ಎದುರಿಗೆ ಕುರ್ಚಿ ಎಳೆದುಕೊಂಡು ಕೂತರು. ನೆಟ್ಟಗೆ, ಗಲ್ಲಾಪೆಟ್ಟಿಗೆ ಮುಂದೆ ಕೂತವರ ಹಾಗೆ. "ಇವತ್ತು ಸಂತೆ, ಗಿರಾಕಿ ಜಾಸ್ತಿ" ಅಂದರು. ಗೌರಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನಾನು ಗೆದ್ದೆ ಅಂದುಕೊಂಡು ಊರಿಗೆ ಬಂದೆ.

ಐದನೇ ದಿನ ಫೋನು. ಗೌರಮ್ಮ ಮಾಡಿದ್ದಳು.

"ಅಣ್ಣ, ಅಪ್ಪ ಮತ್ತೆ ಹಳಿ ಮ್ಯಾಲೆ ಹೋಗಿದ್ರು."

ಮೊದಲ ದಿನ ಚೆನ್ನಾಗಿಯೇ ಇದ್ದರಂತೆ. ಸಂಜೆ ಊಟಕ್ಕೆ ಕರೆದರೆ ಏಳಲಿಲ್ಲ. "ಅಂಗಡಿ ತೆಗ್ದೈತೆ, ಹೆಂಗ್ ಬಿಟ್ಟು ಬರ್ಲಿ?" ಅಂದರು. ತಟ್ಟೆ ಅಲ್ಲಿಗೇ ತಂದರೆ "ಅಂಗಡೀಲಿ ಯಾರಾದ್ರೂ ಮುದ್ದೆ ಉಣ್ತಾರಾ?" ಅಂತ ದೂಡಿದರು. ಕುರ್ಚಿಯಲ್ಲೇ ಕೂತು ಕಾದರು. ನಾಲ್ಕು ದಿನ ಹೀಗೇ, ಊಟ ಇಲ್ಲ, ನಿದ್ದೆ ಇಲ್ಲ. ಐದನೇ ಬೆಳಗ್ಗೆ ಎದ್ದು, ಶ್ರೀರಾಂಪುರಕ್ಕೆ ಹೋಗಿ ಅಂಗಡಿ ಹಲಗೆ ತರಬೇಕು, ಬಾಗಿಲು ಹಾಕಬೇಕು ಅಂತ ಹಳಿಯ ಮೇಲೆ ನಡೆದುಬಿಟ್ಟಿದ್ದರು. ಗಾಡಿ ಬರುವ ಹೊತ್ತಿಗೆ ಗೇಟಿನವನು ಓಡಿಹೋಗಿ ರಟ್ಟೆ ಹಿಡಿದು ಎಳೆದಿದ್ದ.

ಫೋನಿಟ್ಟು ತಲೆ ಮೇಲೆ ಕೈ ಹೊತ್ತು ಕೂತೆ. ನಮ್ಮ ಕಡೆಯ ಹಳೇ ಅಂಗಡಿಗಳಿಗೆ ಒಂಟಿ ಬಾಗಿಲು ಇರುವುದಿಲ್ಲ. ಅಡಿ ಅಗಲದ ಹಲಗೆಗಳು. ಮೇಲಿನ ತೊಲೆಯಲ್ಲಿ, ಕೆಳಗಿನ ಹೊಸ್ತಿಲಲ್ಲಿ ಕೊರೆದ ಸಂದಿಗೆ ಒಂದೊಂದಾಗಿ ಕೂರಿಸಿ ಸರಿಸುತ್ತಾ ಬಂದು, ಕೊನೆಯದಕ್ಕೆ ಅಡ್ಡಪಟ್ಟಿ ಹಾಕಿ ಬೀಗ ಜಡಿಯೋದು. ಇದು ನನಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಆದರೆ ಮೂವತ್ತೊಂದು ವರ್ಷದಲ್ಲಿ ಒಂದು ಅಂಗಡಿಗೂ ನಾನು ಹಲಗೆ ಮಾಡಿರಲಿಲ್ಲ. ಪ್ರದರ್ಶನಕ್ಕೆ ಬಂದವರು ಮುಚ್ಚಿದ ಅಂಗಡಿ ಯಾಕೆ ನೋಡುತ್ತಾರೆ? ಒಳಗಿನ ಸಾಮಾನು ಕಾಣಬೇಕು, ನಮ್ಮ ಕೈಚಳಕ ಕಾಣಬೇಕು. ನಾವೆಲ್ಲ ಹಗಲಷ್ಟೇ ಇರುವ ಅಂಗಡಿ ಕಟ್ಟಿದವರು. ಅಂಗಡಿಯವನಿಗೆ ಸಂಜೆಯೂ ಒಂದು ಇರುತ್ತೆ, ಮನೆಗೆ ಹೋಗೋದು ಅಂತ ಒಂದು ಇರುತ್ತೆ ಅನ್ನೋದು ನಮ್ಮ ಗುಂಪಿನಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಾಡಿದ್ದುಣ್ಣೋ ಮಹರಾಯ ಅಂತಾರೆ. ಇಲ್ಲಿ ಮಾಡಿದ್ದು ನಾನು, ಉಣ್ಣದೆ ಕೂತಿದ್ದು ಆ ಹಿರಿಯರು.

ಮಾರನೇ ಬೆಳಗಿನ ಬಸ್ಸಿಗೇ ಉಳಿ, ಬ್ಲೇಡು, ಹಳೇ ಬೀಟೆ ಮರದ ತುಂಡು ತಗೊಂಡು ಚಿಕ್ಕಜಾಜೂರಿಗೆ ಹೋದೆ. ಮರುಳಸಿದ್ದಪ್ಪನವರ ಕಣ್ಣು ಕೆಂಪಗಿತ್ತು, ಕೆನ್ನೆ ಒಳಗೆ ಹೋಗಿತ್ತು. ಮತ್ತೆ ಅದೇ ಕುರ್ಚಿಯಲ್ಲಿ ಕೂತಿದ್ದರು.

"ಯಜಮಾನ್ರೇ, ನಾನು ಹಲಗೆ ಮಾಡೋನು. ಶ್ರೀರಾಂಪುರಕ್ಕೆ ಹೋಗೋದು ಬ್ಯಾಡ. ಇಲ್ಲೇ ಹೊಸ್ದು ಮಾಡ್ಕೊಡ್ತೀನಿ. ಎಷ್ಟು ಹಲಗೆ?" ಅಂದೆ.

ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಒಂಬತ್ತು. ನಂಬ್ರ ಹಾಕ್ಬೇಕು, ಡಾಂಬರಲ್ಲಿ. ಅದಲುಬದಲಾದ್ರೆ ಕೂರಂಗಿಲ್ಲ. ಐದನೇದು ಮಳೆಗಾಲದಾಗೆ ಉಬ್ಕಂತೈತೆ. ಒದ್ದೇ ಕೂರಿಸ್ಬೇಕು." ಆಮೇಲೆ ಕಟ್ಟೆಯ ಕಡೆ ಬೆರಳು ತೋರಿಸಿ, "ಅಲ್ಲಪ್ಪ, ಹೊರಗಿನ ಸಾಮಾನು ಒಳಗಿಡದೆ ಹಲಗೆ ಹೆಂಗ್ ಹಾಕ್ತೀಯ?" ಅಂದರು.

ಹೌದಲ್ಲ! ಉಪ್ಪಿನ ಮೂಟೆ, ತೆಂಗಿನಕಾಯಿ, ಪೊರಕೆ, ಬಾಳೆಗೊನೆ ಎಲ್ಲ ಅಂಟಿನಲ್ಲಿ ಕೂತಿದ್ದವು. ನಾಲ್ಕು ತಿಂಗಳು ಕೂಡಿಸಿದ್ದನ್ನು ಅವರ ಕಣ್ಣೆದುರೇ ಬ್ಲೇಡಿನಿಂದ ಎಬ್ಬಿಸಿದೆ. ತೆಂಗಿನಕಾಯಿ ಎರಡು ಒಡೆದವು. ಕಟ್ಟೆಯ ಸುಣ್ಣ ಎದ್ದುಬಂತು. ಎಷ್ಟು ಹೊಟ್ಟೆ ಉರಿಯಿತು ಅಂದರೆ, ಹೇಳಬಾರದು. ತೊಲೆಗೂ ಹೊಸ್ತಿಲಿಗೂ ಸಂದು ಕೊರೆದೆ. ವಯಸ್ಸಾದ ಕೈ, ಎರಡು ಸಲ ಬ್ಲೇಡು ಜಾರಿ ಬೆರಳಿಗೆ ಬಂತು. ಗೌರಮ್ಮ ಅರಿಸಿನ ಮೆತ್ತಿದಳು. ಒಂದಿಂಚು ಅಗಲದ ಒಂಬತ್ತು ಹಲಗೆ ಸೀಳಿ, ನಯ ಮಾಡಿ, ಕಪ್ಪು ಬಣ್ಣದಲ್ಲಿ ನಂಬರು ಬರೆದೆ. ತಂತಿ ಬಗ್ಗಿಸಿ ಅಡ್ಡಪಟ್ಟಿ, ಬೀಗ ಮಾಡಿದೆ. ಎಂಟು ಹಲಗೆ ಸರಾಗ ಹೋಗುವ ಹಾಗೆ ಮಾಡಿದೆ. ಐದನೆಯದನ್ನು ಬೇಕೆಂದೇ ಉಗುರಿನಷ್ಟು ದಪ್ಪ ಬಿಟ್ಟೆ. ಜೀವನದಲ್ಲಿ ನಾನು ಗೊತ್ತಿದ್ದೂ ಅಳತೆ ತಪ್ಪಿಸಿದ್ದು ಅದೊಂದೇ.

ಕೆಲಸ ಮುಗಿಯುವ ಹೊತ್ತಿಗೆ ದೀಪ ಹಚ್ಚುವ ವೇಳೆ. ಗೌರಮ್ಮ ದೇವರ ಮುಂದೆ ದೀಪ ಹಚ್ಚಿ ಬಂದು ಅಡುಗೆಮನೆ ಬಾಗಿಲಲ್ಲಿ ನಿಂತಳು. ಆಮೇಲೆ ಏನಾಯಿತು ಅನ್ನೋದನ್ನು ಮೊದಲೇ ಹೇಳಿಬಿಡುತ್ತೇನೆ, ಓದುವವರ ಜೀವ ಬಾಯಿಗೆ ಬರೋದು ಬೇಡ. ಅವತ್ತಿನಿಂದ ಎರಡು ವರ್ಷ, ಕೊನೆಯುಸಿರಿನ ತನಕ, ಮರುಳಸಿದ್ದಪ್ಪನವರು ಹಳಿಯ ಕಡೆ ಹೆಜ್ಜೆ ಇಡಲಿಲ್ಲ. ಬೆಳಗ್ಗೆ ಹಲಗೆ ತೆಗೆಯೋರು, ಸಂಜೆ ಹಾಕೋರು. ಬಾಗಿಲಿಗೆ ಚಿಲಕ ಹಾಕೋದನ್ನು ಆ ಮನೆಯವರು ಮರೆತರು.

ಆ ಮೊದಲ ಸಂಜೆ ಅವರು ಎದ್ದು ನಿಂತು, ಪಂಚೆ ಎತ್ತಿ ಕಟ್ಟಿದರು. ಪೊರಕೆ, ಬಾಳೆಗೊನೆ ಒಳಗಿಟ್ಟರು. ತೆಂಗಿನಕಾಯಿಗಳನ್ನು ಎರಡೆರಡಾಗಿ ಬೆರಳಲ್ಲಿ ಹಿಡಿದು ಒಳಗಿಟ್ಟರು. ಉಪ್ಪಿನ ಮೂಟೆ ಎತ್ತುವಾಗ ನಿಜವಾಗಿಯೂ "ಹ್ಞೂಂ" ಅಂತ ಉಸಿರು ಬಿಟ್ಟರು. ಆಮೇಲೆ ಒಂದನೇ ಹಲಗೆ. ಎರಡು. ಮೂರು. ಆ ಮುದಿ ಬೆರಳುಗಳು ಒಮ್ಮೆಯೂ ಸಂದು ತಪ್ಪಲಿಲ್ಲ. ಅಂಗಡಿಯೊಳಗಿನ ಬೆಳಕು ಒಂದೊಂದು ಹಲಗೆಯಷ್ಟು ಕಡಿಮೆಯಾಗುತ್ತಾ ಬಂತು. ಐದನೆಯದು ಸಿಕ್ಕಿಕೊಂಡಿತು. ಅವರು ಬೈದರು, ಹೆಬ್ಬೆರಳಿನಿಂದ ಒಂದು ಗುದ್ದು ಕೊಟ್ಟರು, ಟಕ್ಕಂತ ಕೂತಿತು. ಮುಖ ಅರಳಿತು. ಒಂಬತ್ತನೆಯದಕ್ಕೆ ಅಡ್ಡಪಟ್ಟಿ ಹಾಕಿ, ಬೀಗ ಎರಡು ಸಲ ಜಗ್ಗಿ ನೋಡಿ, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡರು.

"ನಡೀರಿ, ಹೋಗಾಣ. ಮನ್ಯಾಗೆ ಕಾಯ್ತಿರ್ತಾರೆ" ಅಂದರು ನನಗೆ.

ಪಡಸಾಲೆಯಿಂದ ಅಡುಗೆಮನೆಗೆ ಹತ್ತು ಹೆಜ್ಜೆ. ಅವರು ಆ ಹತ್ತು ಹೆಜ್ಜೆಯನ್ನು ಒಂದು ಊರು ದಾಟುವಷ್ಟು ನಿಧಾನವಾಗಿ ನಡೆದರು. ನಡುವೆ ಯಾರಿಗೋ ಕೈಯೆತ್ತಿ ನಮಸ್ಕಾರ ಮಾಡಿದರು. ನಾನೂ ಮಾಡಿದೆ. ಬಾಗಿಲ ಹತ್ತಿರ ಚಪ್ಪಲಿ ಬಿಡುವವರ ಹಾಗೆ ಒಂದು ಗಳಿಗೆ ನಿಂತು, ಒಳಗೆ ಹೋಗಿ ಗೋಡೆಗೊರಗಿ ಕೂತರು. ಗೌರಮ್ಮ ಮುದ್ದೆ, ಹುರುಳಿಕಾಳು ಸಾರು ತಂದಿಟ್ಟಳು. ಒಂದು ವರ್ಷದಿಂದ ಅವಳು ಯಾರು ಅಂತ ಆ ಮನುಷ್ಯನಿಗೆ ಗೊತ್ತಿರಲಿಲ್ಲವಂತೆ. ಇದನ್ನು ಅವಳು ನನಗೆ ಹೇಳಿದ್ದು ಆಮೇಲೆ. ಎದುರು ಬಂದಾಗಲೆಲ್ಲ "ಏನ್ ಕೊಡ್ಲಿ ತಾಯಿ?" ಅಂತಿದ್ದರಂತೆ, ಯಾರೋ ಗಿರಾಕಿ ಅಂದುಕೊಂಡು.

ಮೊದಲ ತುತ್ತು ನುಂಗಿ ತಲೆ ಎತ್ತಿದರು. ಮಗಳ ಮುಖವನ್ನೇ ನೋಡಿದರು.

"ಏನವ್ವ ಗೌರಿ, ನೀನ್ಯಾವಾಗ ಬಂದೆ?"

ಸಾರಿನ ಸೌಟು ಅವಳ ಕೈಯಲ್ಲೇ ನಿಂತುಬಿಟ್ಟಿತು. "ಈಗ್ ಬಂದೆ ಕಣಪ್ಪ" ಅಂದಳು. "ನೀನು ಬರ್ಲಿ ಅಂತ ಕಾಯ್ತಿದ್ದೆ."